ಹೇಳಿದವರು ಯಾರು?

2025ರ ಕಬ್ಬಿನ ಹಂಗಾಮು ಧರಣಿಯೊಂದಿಗೆ ಆರಂಭವಾಯಿತು. ಟನ್ನಿಗೆ 3,500 ರೂಪಾಯಿ ಬೆಲೆ ಬೇಕೆಂದು ಬೆಳೆಗಾರರು ಅಕ್ಟೋಬರ್ 30ರಿಂದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕುಳಿತರು. ಅದರ ಕಾವು ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಗೆಲ್ಲ ಹಬ್ಬಿತು. ನವೆಂಬರ್ 7ರಂದು ಮುಖ್ಯಮಂತ್ರಿಗಳು ಬೆಂಗಳೂರಿನಲ್ಲಿ ಸಭೆ ನಡೆಸಿದ ಬಳಿಕ 3,300 ರೂಪಾಯಿಯ ತೀರ್ಮಾನ ಹೊರಬಿದ್ದಿತು. ಹಾರೂಗೇರಿಯಂಥ ಊರಿನಲ್ಲಿ ಈ ಸುದ್ದಿಯನ್ನು ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿ ಮೊದಲ ಬಾರಿಗೆ ತಿಳಿದುಕೊಂಡವರು ಎಷ್ಟು ಮಂದಿ ಇದ್ದಾರು? ಪತ್ರಿಕೆಯ ಕಟ್ಟು ಊರು ಮುಟ್ಟುವ ಹೊತ್ತಿಗೆ ಸುದ್ದಿ ಎಲ್ಲರ ಜೇಬಿನಲ್ಲಿತ್ತು. ಹೊಲದ ಬದುವಿನಲ್ಲಿ ನಿಂತವರು, ಚಹಾದಂಗಡಿಯ ಬೆಂಚಿನಲ್ಲಿ ಕುಳಿತವರು, ಮನೆಯಲ್ಲಿ ಅಡುಗೆಗೆ ನಿಂತ ತಾಯಂದಿರು ಎಲ್ಲರೂ ಅದನ್ನು ಹಿಂದಿನ ಸಂಜೆಯೇ ಅಂಗೈಯಲ್ಲಿ ನೋಡಿ ಮುಗಿಸಿದ್ದರು.

ಇದರಲ್ಲಿ ಮರುಗಬೇಕಾದುದೇನೂ ಇಲ್ಲ. ಸುದ್ದಿ ಬೇಗ ತಲುಪುವುದು ಒಳ್ಳೆಯದೇ. ಬೆಂಗಳೂರಿನಲ್ಲಿ ಕುಳಿತವನಿಗೂ ರಾಯಬಾಗ ತಾಲ್ಲೂಕಿನ ಬೆಳೆಗಾರನಿಗೂ ಒಂದೇ ಗಳಿಗೆಯಲ್ಲಿ ಅದೇ ಮಾತು ಕೇಳಿಸುವುದು ಒಂದು ಬಗೆಯ ಸಮಾನತೆಯೇ ಸರಿ. ಆದರೆ ತಲುಪಿದುದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಹಳ ಜನರಿಗೆ ತಲುಪಿದ್ದು ಒಂದು ಅಂಕಿ, ಒಂದು ಚಿತ್ರ, ಒಂದು ಜೈಕಾರ. ತೀರ್ಮಾನಕ್ಕಾದರೋ ಬಾಲವಿತ್ತು. 3,300 ರೂಪಾಯಿ ಶೇಕಡಾ 11.25ರಷ್ಟು ಸಕ್ಕರೆ ಇಳುವರಿ ಬರುವ ಕಬ್ಬಿಗೆ ಸಲ್ಲುವ ಬೆಲೆಯಾಗಿತ್ತು. ಅದರಲ್ಲಿ 50 ರೂಪಾಯಿಯನ್ನು ಕಾರ್ಖಾನೆಯೂ 50 ರೂಪಾಯಿಯನ್ನು ಸರ್ಕಾರವೂ ಹೆಚ್ಚುವರಿಯಾಗಿ ಭರಿಸಬೇಕಿತ್ತು. ಇಳುವರಿ ಕಡಿಮೆಯಾದಲ್ಲಿ ಬೆಲೆಯೂ ಇಳಿಯುತ್ತಿತ್ತು. ನಮ್ಮ ರೈತರು ‘ರಿಕವರಿ’ ಎಂದು ಕರೆಯುವ ಈ ಒಂದು ಪದದ ಮೇಲೆಯೇ ಕಬ್ಬಿನ ಬಿಲ್ಲಿನ ಹಣೆಬರಹ ನಿಂತಿರುತ್ತದೆ. ಮುಧೋಳ ಭಾಗದ ಬೆಳೆಗಾರರು ಆ ಷರತ್ತನ್ನು ಒಪ್ಪದೆ ಹೋರಾಟ ಮುಂದುವರಿಸಿದರು. ನವೆಂಬರ್ 13ರಂದು ಸಮೀರವಾಡಿಯ ಕಾರ್ಖಾನೆಯ ಬಳಿ ಕಬ್ಬು ತುಂಬಿದ ಟ್ರಾಲಿಗಳು ಬೆಂಕಿಗೆ ಆಹುತಿಯಾದವು. ಒಂದೇ ಅಂಕಿಯನ್ನು ನೋಡಿ ವಿಷಯ ಮುಗಿಯಿತೆಂದುಕೊಂಡಿದ್ದವನಿಗೆ ಈ ಬೆಂಕಿ ಎಲ್ಲಿಂದ ಹುಟ್ಟಿತೆಂದು ತಿಳಿಯುವ ದಾರಿಯೇ ಇರಲಿಲ್ಲ.

ಇನ್ನೊಂದು ಅಂಕಿಯನ್ನೂ ನೋಡೋಣ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ನ್ಯಾಯ ಮತ್ತು ಲಾಭದಾಯಕ ಬೆಲೆ ಟನ್ನಿಗೆ 3,550 ರೂಪಾಯಿ. ಬರಿಯ ಈ ಅಂಕಿಯನ್ನು ನೋಡಿದವನಿಗೆ ದಿಗ್ಭ್ರಮೆಯಾಗುವುದು ಸಹಜ: ಸರ್ಕಾರವೇ 3,550 ಎಂದಿರುವಾಗ ರೈತರು 3,500 ಕೇಳಿ ಧರಣಿ ಕೂರುವುದೇಕೆ? ಉತ್ತರ ಇರುವುದು ಅಂಕಿಯ ಕೆಳಗಿನ ಸಾಲುಗಳಲ್ಲಿ. ಅದು ಶೇಕಡಾ 10.25 ಇಳುವರಿಯ ಲೆಕ್ಕದ ಬೆಲೆ. ಕಟಾವು ಮತ್ತು ಸಾಗಾಟದ ವೆಚ್ಚ ಅದರೊಳಗೇ ಸೇರಿದೆ, ಅದನ್ನು ಕಳೆದ ಮೇಲೆ ಉಳಿಯುವುದು ಮಾತ್ರ ರೈತನ ಕೈಗೆ. ಧರಣಿಯಲ್ಲಿ ಕೇಳಿದ್ದು ಆ ವೆಚ್ಚ ಕಳೆದು ಕೈಗೆ ಬರಬೇಕಾದ ಮೊತ್ತ. ಈ ವ್ಯತ್ಯಾಸವನ್ನು ಅರಿಯದೆ ಆ ಚಳವಳಿಯನ್ನು ಹೊಗಳಲೂ ಆಗದು, ತೆಗಳಲೂ ಆಗದು. ಆದರೂ ಹೊಗಳಿದವರು ಸಾವಿರಾರು, ತೆಗಳಿದವರು ಸಾವಿರಾರು. ಕಬ್ಬು ಸಾಗಿಸಿದ ಹದಿನಾಲ್ಕು ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ಶೇಕಡಾ 15ರ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬೆಳೆಗಾರನಿಗೆ ಇದಕ್ಕಿಂತ ಉಪಯೋಗದ ಸುದ್ದಿ ಮತ್ತೊಂದಿಲ್ಲ. ಇದನ್ನು ಯಾರೂ ಯಾರಿಗೂ ರವಾನಿಸುವುದಿಲ್ಲ. ಅದರಲ್ಲಿ ರೋಷವೂ ಇಲ್ಲ, ನಗೆಯೂ ಇಲ್ಲ.

ಸಾಮಾಜಿಕ ಜಾಲತಾಣ ಪತ್ರಿಕೆಯ ಸ್ಥಾನವನ್ನು ಆಕ್ರಮಿಸಿತೆಂದು ಹೇಳುವವರು ಸಾಮಾನ್ಯವಾಗಿ ಎರಡು ಗುಂಪು. ಒಂದು ಗುಂಪು ‘ಅದರಲ್ಲಿ ಸುಳ್ಳೇ ಹೆಚ್ಚು’ ಎಂದು ದೂರುತ್ತದೆ. ಇನ್ನೊಂದು ಗುಂಪು ‘ಪತ್ರಿಕೆಗಳೂ ಸುಳ್ಳು ಹೇಳುತ್ತವಲ್ಲ’ ಎಂದು ಬಾಯಿ ಮುಚ್ಚಿಸುತ್ತದೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೆ ಈ ಚರ್ಚೆ ವಿಷಯದ ಮೂಲಕ್ಕೆ ಇಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಳ್ಳು ಸಂತೆಯಷ್ಟೇ ಹಳೆಯದು. ಬದಲಾದುದು ಬೇರೊಂದು. ಮೊದಲು ಸುದ್ದಿಗೆ ಒಬ್ಬ ಒಡೆಯನಿದ್ದ. ತಪ್ಪಾದರೆ ಹೋಗಿ ಕೇಳಬಹುದಾದ ಒಂದು ಮನೆಯಿತ್ತು. ಈಗ ಸುದ್ದಿ ಅನಾಥವಾಗಿ ಬರುತ್ತದೆ.

ಪತ್ರಿಕೆಯ ಒಂದು ಮೂಲೆಯಲ್ಲಿ, ಯಾರೂ ಓದದ ಸಣ್ಣ ಅಕ್ಷರಗಳಲ್ಲಿ, ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಮುದ್ರಿತ ಎಂಬ ಒಂದು ಸಾಲು ಇರುತ್ತದೆ. ಅದು ಅಲಂಕಾರಕ್ಕೆ ಇರುವುದಲ್ಲ. 1867ರ ಕಾಯಿದೆಯೇ ಅದನ್ನು ಕಡ್ಡಾಯ ಮಾಡಿತು. ವಸಾಹತು ಸರ್ಕಾರ ಅದನ್ನು ತಂದಿದ್ದು ಪತ್ರಿಕೆಗಳ ಮೇಲೆ ಕಣ್ಣಿಡಲಿಕ್ಕೆ ಎಂಬುದು ನಿಜ. ಆದರೆ ಕಾಲಾಂತರದಲ್ಲಿ ಅದೇ ಸಾಲು ಓದುಗನ ಆಸ್ತಿಯಾಯಿತು. ಮಾನಹಾನಿಯಾದವನು ಆ ಹೆಸರಿಗೆ ನೋಟಿಸು ಕಳಿಸಬಹುದಿತ್ತು. ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿಯನ್ನು ಕೇಳಬಹುದಿತ್ತು. ಆ ಕಾಯಿದೆಯ ಜಾಗದಲ್ಲಿ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಈ ಹೊಣೆಯ ಕಲ್ಪನೆ ಕಾಯಿದೆಗಿಂತಲೂ ಹಳೆಯದು. ಊರಿನಲ್ಲಿ ಡಂಗುರ ಸಾರುತ್ತಿದ್ದವನು ಕೂಡ ಯಾರ ಅಪ್ಪಣೆಯ ಮೇರೆಗೆ ಸಾರುತ್ತಿದ್ದೇನೆಂದು ಮೊದಲು ಹೇಳಿಯೇ ಮುಂದಿನ ಮಾತು ಹೇಳುತ್ತಿದ್ದ. ಅಪ್ಪಣೆ ಕೊಟ್ಟವರ ಹೆಸರಿಲ್ಲದ ಡಂಗುರಕ್ಕೆ ಯಾರೂ ಮನೆಯಿಂದ ಹೊರಬರುತ್ತಿರಲಿಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಾಗಲೂ ಅದರ ಹಿಂದೆ ಹೆಸರುಳ್ಳ ಒಬ್ಬ ಮನುಷ್ಯನಿದ್ದ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಪರದೇಶದಿಂದ ಬಂದು ಕನ್ನಡ ಕಲಿತವರು. ಹದಿನೈದು ದಿನಗಳಿಗೊಮ್ಮೆ, ಕಲ್ಲಚ್ಚಿನಲ್ಲಿ, ನಾಲ್ಕು ಪುಟ. ಊರ ವರ್ತಮಾನ, ಸರ್ಕಾರದ ನಿರೂಪಗಳು, ಬೇರೆ ರಾಜ್ಯಗಳ ಸಮಾಚಾರ ಅದರಲ್ಲಿ ಇರುತ್ತಿದ್ದವು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು. ಆಯುಸ್ಸು ಚಿಕ್ಕದು. ಆದರೂ ನಾವು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಯಾಕೆ? ಅಂದು ಮೊದಲ ಬಾರಿಗೆ ಕನ್ನಡಿಗನು ಸುದ್ದಿಯನ್ನು ಕೈಯಲ್ಲಿ ಹಿಡಿದು, ಮಡಚಿಟ್ಟು, ಹದಿನೈದು ದಿನಗಳ ನಂತರ ಮತ್ತೆ ತೆಗೆದು ‘ನೀವು ಹೀಗೆ ಬರೆದಿದ್ದಿರಲ್ಲ’ ಎಂದು ಕೇಳುವ ಸ್ಥಿತಿಗೆ ಬಂದನು. ಆಡಿದ ಮಾತು ಅಚ್ಚಿನಲ್ಲಿ ಉಳಿಯುವುದೆಂಬ ಅಂಜಿಕೆಯೇ ಪತ್ರಿಕೋದ್ಯಮದ ಅರ್ಧ ಶೀಲ.

ಒಡೆಯನಿಲ್ಲದ ಸುದ್ದಿ ಏನು ಮಾಡಬಲ್ಲದು ಎಂಬುದನ್ನು ನಮ್ಮ ರಾಜ್ಯ 2018ರಲ್ಲಿ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ಆ ಬೇಸಿಗೆಯಲ್ಲಿ ದಕ್ಷಿಣದ ರಾಜ್ಯಗಳಲ್ಲೆಲ್ಲ ಸುತ್ತಾಡಿದವು. ಅವುಗಳ ಜೊತೆಯಲ್ಲಿ ಒಂದು ವಿಡಿಯೊ ಇತ್ತು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ನೋಡಿದ ಯಾವ ತಂದೆತಾಯಿಯ ಎದೆ ನಡುಗದೆ ಇದ್ದೀತು? ಆ ದೃಶ್ಯ ಕರಾಚಿಯದು. ಮಕ್ಕಳ ಸುರಕ್ಷತೆಗಾಗಿ ಅಲ್ಲಿಯ ಸೇವಾಸಂಸ್ಥೆಯೊಂದು ಮಾಡಿಸಿದ ಜಾಗೃತಿ ಚಿತ್ರವದು. ಪೂರ್ಣ ಚಿತ್ರದಲ್ಲಿ ಬೈಕಿನವರು ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿ ಉಳಿದುದನ್ನು ಹರಿಬಿಟ್ಟರು. ಮಕ್ಕಳನ್ನು ಕಾಯಲೆಂದು ಮಾಡಿದ ಚಿತ್ರವೇ ದಾರಿಹೋಕರನ್ನು ಕೊಲ್ಲುವ ಆಯುಧವಾಯಿತು.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನೊಬ್ಬನನ್ನು ಜನರು ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಭಿಕ್ಷೆಗೆ ಬಂದಿದ್ದ ಅಲೆಮಾರಿ ಸಮುದಾಯದ ಐವರನ್ನು ಪಂಚಾಯಿತಿ ಕಚೇರಿಯಲ್ಲಿ ಕೂಡಿಹಾಕಿ ಕೊಲ್ಲಲಾಯಿತು. ನಮ್ಮಿಂದ ದೂರವಿಲ್ಲದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯ ಬಡವರು ಅವರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ತಂತ್ರಜ್ಞನೊಬ್ಬನ ಪ್ರಾಣ ಹೋಯಿತು. ಈ ಮುರ್ಕಿಯ ಪ್ರಸಂಗವನ್ನು ಗಮನವಿಟ್ಟು ನೋಡಬೇಕು. ಸ್ನೇಹಿತರು ಕಾರಿನಲ್ಲಿ ಹೊರಟವರು ದಾರಿಯ ಊರಿನಲ್ಲಿ ನಿಂತರು. ಅವರಲ್ಲೊಬ್ಬ ಕತಾರಿನಿಂದ ಬಂದವನು, ತಂದಿದ್ದ ಚಾಕೊಲೇಟನ್ನು ಶಾಲೆಯ ಮಕ್ಕಳಿಗೆ ಕೊಟ್ಟನು. ಸಂಶಯ ಹುಟ್ಟಿತು, ಮಾತು ಬೆಳೆಯಿತು, ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ವೇಗವಾಗಿ ಸಂದೇಶ ಮುಂದಿನ ಊರನ್ನು ಸೇರಿತು. ಅಲ್ಲಿ ರಸ್ತೆಗೆ ಅಡ್ಡಹಾಕಿ ಕಾಯುತ್ತಿದ್ದ ಜನರಿಗೆ ಆ ಯುವಕರ ಪರಿಚಯವಿರಲಿಲ್ಲ, ಮೊದಲ ಊರಿನಲ್ಲಿ ನಡೆದುದನ್ನು ಕಂಡಿರಲೂ ಇಲ್ಲ. ಅವರ ಕೈಯಲ್ಲಿದ್ದುದು ಒಂದು ಸಂದೇಶ ಮಾತ್ರ. ಕಾರು ಉರುಳಿ ಹಳ್ಳಕ್ಕೆ ಬಿದ್ದ ಮೇಲೂ ಹೊಡೆತ ನಿಲ್ಲಲಿಲ್ಲ. ಬಿಡಿಸಹೋದ ಪೊಲೀಸರೂ ಗಾಯಗೊಂಡರು.

ಈ ಎಲ್ಲ ಊರುಗಳಲ್ಲಿ ‘ಇದನ್ನು ಹೇಳಿದವರು ಯಾರು?’ ಎಂದು ಒಬ್ಬನೇ ಒಬ್ಬ ಹಿರಿಯ ಗಟ್ಟಿಯಾಗಿ ಕೇಳಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಆ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ ಎಂಬುದಂತೂ ನಿಶ್ಚಿತ. ಪ್ರತಿಯೊಬ್ಬನೂ ‘ನನಗೆ ಬಂದಿತ್ತು, ಕಳಿಸಿದೆ’ ಎನ್ನುತ್ತಾನೆ. ಕಳಿಸಿದವರು ಸಾವಿರ, ಹೇಳಿದವರು ಯಾರೂ ಇಲ್ಲ.

ಆ ದಿನಗಳಲ್ಲೇ ನಡೆದ ಇನ್ನೊಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ವಾಟ್ಸಾಪ್ ಕಂಪನಿಯು 2018ರ ಜುಲೈ 10ರಂದು ಭಾರತದ ಪತ್ರಿಕೆಗಳಲ್ಲಿ ಪುಟದ ತುಂಬ ಜಾಹೀರಾತು ಕೊಟ್ಟು ಸುಳ್ಳು ಸಂದೇಶವನ್ನು ಗುರುತಿಸುವುದು ಹೇಗೆಂದು ಜನರಿಗೆ ತಿಳಿಸಿತು. ಅನಂತರ ಆಕಾಶವಾಣಿಯನ್ನು ಆಶ್ರಯಿಸಿತು. ಮೊದಲು ಹಿಂದಿಯಲ್ಲಿ, ಸೆಪ್ಟೆಂಬರಿನಿಂದ ಕನ್ನಡದಲ್ಲಿಯೂ. ಕೋಟಿಗಟ್ಟಲೆ ಜನರ ಅಂಗೈಯನ್ನು ನೇರವಾಗಿ ಮುಟ್ಟಬಲ್ಲ ಕಂಪನಿ ತನ್ನ ಮಾತನ್ನು ಜನ ನಂಬಬೇಕೆನಿಸಿದಾಗ ಹೋದದ್ದು ಪತ್ರಿಕೆಯ ಪುಟಕ್ಕೆ, ರೇಡಿಯೊದ ಧ್ವನಿಗೆ! ಹಳೆಯ ಮಾಧ್ಯಮದ ಬೆಲೆಯನ್ನು ಪತ್ರಿಕಾ ಸಂಪಾದಕರು ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಆ ಜುಲೈ ತಿಂಗಳಲ್ಲೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ತಂದರು. 2020ರ ಏಪ್ರಿಲಿನಲ್ಲಿ, ಹಲವು ಬಾರಿ ಕೈ ಬದಲಿಸಿ ಬಂದ ಸಂದೇಶಕ್ಕೆ ಈ ಮಿತಿ ಒಂದಕ್ಕಿಳಿಯಿತು. ಹರಿವು ಸ್ವಲ್ಪ ತಗ್ಗಿರಬಹುದು. ಒಡೆಯನಂತೂ ಸಿಗಲಿಲ್ಲ.

2018ರ ಜನವರಿಯಲ್ಲಿ ದಿವಂಗತ ಪೋಪ್ ಫ್ರಾನ್ಸಿಸ್ ಅವರು ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ಸುಳ್ಳುಸುದ್ದಿಯನ್ನೇ ವಿಷಯವಾಗಿ ಆರಿಸಿಕೊಂಡಿದ್ದರು. ಆದಿಕಾಂಡದ ಸರ್ಪವನ್ನು ಅವರು ಮೊದಲ ಸುಳ್ಳುಸುದ್ದಿಯ ಕರ್ತೃವೆಂದು ಕಂಡರು. ಆ ಸರ್ಪ ಪೂರ್ಣ ಸುಳ್ಳನ್ನು ಆಡಲಿಲ್ಲ; ದೇವರು ಹೇಳಿದ ಮಾತನ್ನೇ ಎತ್ತಿಕೊಂಡು ಅದರ ಒಂದು ಅಂಚನ್ನು ತಿರುಚಿತು. ಕರಾಚಿಯ ಚಿತ್ರದ ಕೊನೆಯ ತುಣುಕನ್ನು ಕತ್ತರಿಸಿದವನ ಕೈಚಳಕವೂ ಅದೇ ಜಾತಿಯದು. ಆ ಸಂದೇಶದಲ್ಲಿ ನನಗೆ ಮುಖ್ಯವೆನಿಸುವುದು ಇನ್ನೊಂದು ಮಾತು. ಸುಳ್ಳಿಗೆ ಮದ್ದು ಯಾವುದೇ ತಂತ್ರದಲ್ಲಿಲ್ಲ, ಹೊಣೆ ಹೊರುವ ಮನುಷ್ಯರಲ್ಲಿದೆ ಎಂಬ ಅರ್ಥದ ವಿಚಾರ. ಐದು, ಒಂದು ಎಂಬ ಮಿತಿಗಳ ಲೆಕ್ಕದಲ್ಲಿ ಮುಳುಗಿದವರು ಇದನ್ನು ಓದಿದ್ದರೆ ಚೆನ್ನಾಗಿತ್ತು.

ಇಷ್ಟು ಹೇಳಿದಾಗ ಪತ್ರಿಕೆಯವರು ಮೀಸೆ ತಿರುವಿಕೊಳ್ಳಬಾರದು. ಓದುಗನು ಅವರನ್ನು ಬಿಟ್ಟು ಹೋದುದು ಸುಮ್ಮನೆ ಅಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಅಂತರ್ಜಾಲ ಅಗ್ಗವಾದುದು ಒಂದು ಕಾರಣ. 2020ರ ಮಾರ್ಚಿನಲ್ಲಿ ಪತ್ರಿಕೆಯ ಕಾಗದದಿಂದ ಸೋಂಕು ಹಬ್ಬುತ್ತದೆಂದು ಹೆದರಿ ಅನೇಕ ಮನೆಗಳು ಪತ್ರಿಕೆ ನಿಲ್ಲಿಸಿದ್ದು, ಆ ಹೆದರಿಕೆಯೂ ಮೊಬೈಲ್ ಸಂದೇಶಗಳ ಮೂಲಕವೇ ಬಂದಿದ್ದು, ಇನ್ನೊಂದು. ಆದರೆ ಒಳಗಿನ ಗೆದ್ದಲು ಅದಕ್ಕೂ ಮೊದಲೇ ಹತ್ತಿತ್ತು. 2009ರ ಚುನಾವಣೆಗಳಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಹೊಗಳಿಕೆಯನ್ನು ಸುದ್ದಿಯೆಂದು ಅಚ್ಚುಮಾಡಿದ ಪತ್ರಿಕೆಗಳ ವಿಚಾರವಾಗಿ ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ಸಿದ್ಧಪಡಿಸಬೇಕಾಯಿತು. ‘ಕಾಸಿಗಾಗಿ ಸುದ್ದಿ’ ಎಂಬ ಪದ ಆಗಲೇ ಕನ್ನಡಕ್ಕೆ ಬಂದದ್ದು. ಹೊಗಳಿಕೆಗೆ ಬೆಲೆಪಟ್ಟಿ ಇದೆಯೆಂದು ತಿಳಿದ ಓದುಗ ಉಳಿದ ಪುಟಗಳನ್ನು ಮೊದಲಿನ ವಿಶ್ವಾಸದಿಂದ ಓದಿಯಾನೆ?

2016ರ ನವೆಂಬರಿನ ನೋಟು ರದ್ದತಿಯ ದಿನಗಳನ್ನು ನೆನೆದುಕೊಳ್ಳಿ. ಹೊಸ 2,000 ರೂಪಾಯಿ ನೋಟಿನಲ್ಲಿ ಸೂಕ್ಷ್ಮ ಚಿಪ್ ಇದೆ, ನೆಲದಡಿಯಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣಿಸುತ್ತದೆ ಎಂಬ ಕಥೆ ಮೊಬೈಲಿನಲ್ಲಿ ಹುಟ್ಟಿತು. ಹುಟ್ಟಿದ್ದು ಅಲ್ಲಿ, ಬೆಳೆದದ್ದು ದೂರದರ್ಶನ ವಾಹಿನಿಗಳಲ್ಲಿ. ಕನ್ನಡದ ವಾಹಿನಿಯೂ ಅದರಿಂದ ಹೊರತಾಗಿರಲಿಲ್ಲ. ಅಂಥದ್ದೇನೂ ಇಲ್ಲವೆಂದು ಸರ್ಕಾರ ಹೇಳಿದ ಮೇಲೂ ಎಷ್ಟೋ ಹಳ್ಳಿಗಳಲ್ಲಿ ಆ ಚಿಪ್ಪು ಹೊಳೆಯುತ್ತಲೇ ಇತ್ತು. ಇಲ್ಲಿ ಪಾತ್ರಗಳು ಅದಲುಬದಲಾದುದನ್ನು ಗಮನಿಸಬೇಕು. ಸುದ್ದಿಯನ್ನು ಸೋಸಬೇಕಾದ ಜರಡಿಯೇ ಅದನ್ನು ಹೊತ್ತು ತಂದು ಬಡಿಸಿತು. ‘ಟಿ.ವಿ.ಯಲ್ಲಿ ಬಂತು’ ಎಂಬುದು ಒಂದು ಕಾಲಕ್ಕೆ ಸಾಕ್ಷ್ಯವಾಗಿತ್ತು. ಆ ಸಾಕ್ಷ್ಯವನ್ನು ಕೆಡಿಸಿದವರು ನೋಡುಗರಲ್ಲ.

ಇನ್ನು ನಮ್ಮ ಭಾಗದ ಕಥೆ. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದ ‘ಸಂಯುಕ್ತ ಕರ್ನಾಟಕ’ ಹಲವು ತಲೆಮಾರುಗಳ ಕಾಲ ಉತ್ತರ ಕರ್ನಾಟಕದವರಿಗೆ ‘ಪೇಪರ್’ ಎಂಬ ಪದದ ಅರ್ಥವೇ ಆಗಿತ್ತು. ಧಾರವಾಡ ಆಕಾಶವಾಣಿ 1950ರಿಂದ ಮನೆಮನೆಯ ಮಾತಾಯಿತು. ಗಡಿಯಾಚೆಯ ಮರಾಠಿ ಪತ್ರಿಕೆಗಳೂ ನಿಪ್ಪಾಣಿ, ಕಾಗವಾಡದ ಅಂಗಡಿಗಳಿಗೆ ಬರುತ್ತಿದ್ದವು, ಬರುತ್ತಿವೆ. ಓದು ಬಲ್ಲವನು ಎರಡು ಭಾಷೆಗಳ ವರದಿಯನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡುವ ಸೌಲಭ್ಯ ಗಡಿಯವರಿಗೆ ಇತ್ತು. ಕಾಲಕ್ರಮದಲ್ಲಿ ದೊಡ್ಡ ಪತ್ರಿಕೆಗಳು ಜಿಲ್ಲೆಗೊಂದು ಆವೃತ್ತಿ, ತಾಲ್ಲೂಕಿಗೊಂದು ಪುಟ ಎಂದು ಒಡೆದುಕೊಂಡವು. ಊರ ಸುದ್ದಿಗೆ ಜಾಗ ಸಿಕ್ಕಿತು ಎಂದು ಹಿಗ್ಗಿದೆವು. ಆದರೆ ರಾಯಬಾಗದ ಗೋಳು ರಾಯಬಾಗದ ಪುಟದಲ್ಲಿಯೇ ಅಚ್ಚಾಗಿ, ರಾಯಬಾಗದವರಿಗೇ ತಲುಪಿ, ವಿಧಾನಸೌಧದಲ್ಲಿ ಕುಳಿತವರ ಕಣ್ಣಿಗೆ ಬೀಳದೆ ಹೋಗುವ ಸ್ಥಿತಿಯೂ ಅದರೊಂದಿಗೇ ಬಂದಿತು. ತಾಲ್ಲೂಕಿನ ಬಿಡಿ ಸುದ್ದಿಗಾರನಿಗೆ ಸಿಗುವ ಸಂಭಾವನೆ ಬೈಕಿನ ಪೆಟ್ರೋಲಿಗೂ ಸಾಲದು. ಹಬ್ಬ ಬಂತೆಂದರೆ ಜಾಹೀರಾತು ತರಬೇಕಾದವನೂ ಅವನೇ. ಬೆಳಿಗ್ಗೆ ಯಾರಿಂದ ಶುಭಾಶಯದ ಜಾಹೀರಾತು ಪಡೆದನೋ ಸಂಜೆ ಅವರ ಮೇಲೆಯೇ ಬರೆಯುವ ಧೈರ್ಯ ಎಲ್ಲಿಂದ ತಂದಾನು? ಅವನ ಹೆಸರಿನ ಹೊಣೆ ಉಳಿಯಿತು, ಆ ಹೊಣೆಯನ್ನು ಹೊರುವ ಬಲವನ್ನು ಮಾಲೀಕರು ಕೊಡಲಿಲ್ಲ.

ಹೀಗಾಗಿ ‘ಪತ್ರಿಕೆಗೆ ಮರಳಿರಿ’ ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದು ಸುಲಭವಲ್ಲ. ಮೊಬೈಲ್ ಪ್ರಾಮಾಣಿಕವಾಗಿ ಕೆಲಸ ಮಾಡಿದ ಸಂದರ್ಭಗಳೂ ನಮ್ಮ ಕಣ್ಣೆದುರಿಗಿವೆ. 2019ರ ಆಗಸ್ಟಿನ ಮಹಾಪೂರವನ್ನು ಕೃಷ್ಣಾ ತೀರದವರು ಮರೆತಿಲ್ಲ. ಕೊಯ್ನಾದಿಂದ ಬಿಟ್ಟ ನೀರು, ಘಟ್ಟದ ಮಳೆಯ ನೀರು, ದೂಧಗಂಗಾ, ವೇದಗಂಗಾ ಎಲ್ಲವೂ ಸೇರಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಊರುಗಳನ್ನು ಮುಳುಗಿಸಿದಾಗ ಪತ್ರಿಕೆ ತರುವ ವಾಹನಗಳಿಗೆ ರಸ್ತೆಯೇ ಇಲ್ಲದಾಯಿತು, ವಿದ್ಯುತ್ತಿಲ್ಲದೆ ಟಿ.ವಿ. ಮೂಕವಾಯಿತು. ಆಗ ಜನರು ನೆಚ್ಚಿದ್ದು ಚಾರ್ಜು ಉಳಿದಿದ್ದ ಮೊಬೈಲುಗಳನ್ನೇ. ಯಾವ ಸೇತುವೆ ಮುಳುಗಿದೆ, ಯಾವ ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದಿದೆ, ದೋಣಿ ಎಲ್ಲಿಗೆ ಬರುತ್ತದೆ ಎಂಬುದನ್ನು ಅದರಷ್ಟು ಬೇಗ ಯಾವ ಪತ್ರಿಕೆಯೂ ತಿಳಿಸಲಾಗುತ್ತಿರಲಿಲ್ಲ.

ಆದರೆ ಅಂಥ ದಿನಗಳಲ್ಲಿ ಬರುವ ಸಂದೇಶಗಳಲ್ಲಿ ಎರಡು ಜಾತಿಗಳಿರುವುದನ್ನು ಮಳೆಗಾಲ ಬಂದಾಗಲೆಲ್ಲ ಗಮನಿಸಬಹುದು. ಒಂದರಲ್ಲಿ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಎರಡೂ ಕೂಡಿ ಕಲ್ಲೋಳದ ಬಳಿ ಇಷ್ಟು ಎಂಬ ಲೆಕ್ಕವಿರುತ್ತದೆ. ದಿನಾಂಕವಿರುತ್ತದೆ, ಗಂಟೆ ಇರುತ್ತದೆ, ಯಾವ ಕಚೇರಿಯಿಂದ ಬಂದುದೆಂದು ಬರೆದಿರುತ್ತದೆ. ಇನ್ನೊಂದರಲ್ಲಿ ಯಾವುದೋ ವರ್ಷದ, ಯಾವುದೋ ಅಣೆಕಟ್ಟಿನ ಬಾಗಿಲುಗಳಿಂದ ನೀರು ಧುಮುಕುವ ದೃಶ್ಯವಿರುತ್ತದೆ, ಕೆಳಗೆ ‘ಈಗಷ್ಟೇ’ ಎಂಬ ಪದವಿರುತ್ತದೆ. ಮೊದಲನೆಯದನ್ನು ಓದಿದ ರೈತ ಪಂಪ್‌ಸೆಟ್ಟನ್ನು ಎತ್ತಿಡಬೇಕೋ ಬೇಡವೋ ಎಂದು ನಿರ್ಧರಿಸುತ್ತಾನೆ. ಎರಡನೆಯದನ್ನು ನೋಡಿದವನು ಹೆದರುತ್ತಾನೆ, ಹತ್ತು ಜನರನ್ನು ಹೆದರಿಸುತ್ತಾನೆ, ಅಷ್ಟೆ. ಎರಡೂ ಬರುವುದು ಒಂದೇ ಯಂತ್ರದಲ್ಲಿ, ಒಂದೇ ಗುಂಪಿನಲ್ಲಿ, ಎಷ್ಟೋ ವೇಳೆ ಒಬ್ಬನೇ ವ್ಯಕ್ತಿಯಿಂದ. ಆದ್ದರಿಂದ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಮೊದಲನೆಯ ಸಂದೇಶದಲ್ಲಿ ಪತ್ರಿಕೆಯ ಗುಣವಿದೆ: ಹೇಳಿದವರು ಯಾರೆಂದು ಅದಕ್ಕೆ ಗೊತ್ತು. ಓದುಗ ಬಂಧುಗಳೇ, ನಮ್ಮ ಮನೆಗಳ ಗುಂಪುಗಳಲ್ಲಿ, ಧರ್ಮಕೇಂದ್ರಗಳ ಗುಂಪುಗಳಲ್ಲಿ ದಿನವೂ ಬೀಳುವ ರಾಶಿಯಲ್ಲಿ ಈ ಜಾತಿಯವು ಎಷ್ಟಿವೆ ಎಂದು ಒಂದು ವಾರ ಎಣಿಸಿ ನೋಡಬಹುದು. ಕುತೂಹಲಕ್ಕಾದರೂ ಎಣಿಸಬೇಕು.

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ, ನನಗೆ ಅದೇ ಹೆಚ್ಚು ತೊಡಕಿನದೆನಿಸುತ್ತದೆ. ಮಹಾಪೂರವನ್ನು ಎಲ್ಲರೂ ರವಾನಿಸುತ್ತಾರೆ, ಧರಣಿಯನ್ನು ರವಾನಿಸುತ್ತಾರೆ, ಹೊಡೆದಾಟವನ್ನಂತೂ ಹೇಳುವುದೇ ಬೇಡ. ಹಾರೂಗೇರಿ ಪುರಸಭೆಯ ಸಾಮಾನ್ಯ ಸಭೆಯನ್ನು ರವಾನಿಸುವವರು ಯಾರು? ಕುಡಿಯುವ ನೀರಿನ ಪೈಪಿಗೆ ಎಷ್ಟು ಹಣ ಬಂತು, ಟೆಂಡರು ಯಾರಿಗಾಯಿತು, ಯಾವ ವಾರ್ಡಿಗೆ ಚರಂಡಿ ಬಂತು, ಯಾವುದಕ್ಕೆ ಬರಲಿಲ್ಲ ಎಂಬುದು ಬೇಸರದ ಸುದ್ದಿ. ಮೂರು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಆಕಳಿಸುತ್ತ, ಠರಾವುಗಳನ್ನು ಬರೆದುಕೊಂಡು ಬಂದು, ಮರುದಿನ ಕಾಗದಪತ್ರ ತರಿಸಿ ನೋಡಿ ಬರೆಯಬೇಕಾದ ಸುದ್ದಿ. ಬಹಳ ಕಾಲ ಆ ಕೆಲಸವನ್ನು, ಅರೆಬರೆಯಾಗಿಯಾದರೂ, ಅದೇ ಬಿಡಿ ಸುದ್ದಿಗಾರ ಮಾಡುತ್ತಿದ್ದ. ತಾನು ಅಲ್ಲಿ ಕುಳಿತಿದ್ದೇನೆಂಬುದಷ್ಟರಿಂದಲೇ ಸಭೆಯಲ್ಲಿ ಕೆಲವು ಮಾತುಗಳು ಆಡಲ್ಪಡದೆ ಉಳಿಯುತ್ತಿದ್ದವು, ಕೆಲವು ಬಿಲ್ಲುಗಳು ಮಂಜೂರಾಗದೆ ಉಳಿಯುತ್ತಿದ್ದವು. ಅವನ ಪತ್ರಿಕೆಯನ್ನು ನಾವು ಕೊಳ್ಳುವುದನ್ನು ಬಿಟ್ಟರೆ ಆ ಕುರ್ಚಿ ಖಾಲಿಯಾಗುತ್ತದೆ. ಸಭೆಯ ಕೊನೆಯಲ್ಲಿ ಹಾರ ಹಾಕುವ ಫೋಟೊ ಮಾತ್ರ ಅಂದೇ ಸಂಜೆ ಎಲ್ಲರ ಮೊಬೈಲಿಗೆ ಬರುತ್ತದೆ.